ಎಂಟು ದಿನದ ಹಿಂದಿನ ಆಕಾಶ

ಬೈಲಹೊಂಗಲದ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹದಿನೇಳು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ಮಕ್ಕಳ ಮುಂದೆ ತಪ್ಪು ಹೇಳಿದ್ದು ಎಷ್ಟೋ ಸಲ. ಮನೆಗೆ ಬಂದು ಪುಸ್ತಕ ನೋಡಿ, ಮರುದಿನ ಹೋಗಿ ತಿದ್ದಿದ್ದೇನೆ. ಅವು ಯಾವುವೂ ಈಗ ನೆನಪಿಲ್ಲ. ಮೂರು ವರ್ಷದ ಹಿಂದೆ ಕಿತ್ತೂರಿನಲ್ಲಿ ಒಂದು ಸಭೆಯ ಮುಂದೆ ನಿಂತು ತಿಳಿದೂ ತಿಳಿದೂ ಮಾಡಿದ ಒಂದು ಕೆಲಸ ಮಾತ್ರ ನೆನಪಿನಿಂದ ಹೋಗುವುದಿಲ್ಲ. ಬರೆದರೆ ಹಗುರಾದೀತು ಎಂಬ ಆಸೆಯೂ ನನಗಿಲ್ಲ. ಆದದ್ದು ಆದಂತೆ ಒಂದು ಕಡೆ ಇರಲಿ ಎಂದು ಬರೆಯುತ್ತಿದ್ದೇನೆ.

ಅದು ಶುರುವಾದದ್ದು ತರಗತಿಯಲ್ಲಿ. ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು, ಟೀವಿಯಲ್ಲಿ ತೋರಿಸುವ ಮೋಡದ ಫೋಟೋ ಯಾರು ತೆಗೆಯುತ್ತಾರೆ ಎಂದು ಕೇಳಿದಳು. ಉಪಗ್ರಹ ಎಂದೆ. ಅಷ್ಟು ಮೇಲಿನಿಂದ ಫೋಟೋ ಕೆಳಗೆ ಹೇಗೆ ಬರುತ್ತದೆ, ಯಾರಾದರೂ ಹೋಗಿ ತರುತ್ತಾರಾ ಎಂದಳು. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಉತ್ತರ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಬೇಸಿಗೆಯ ರಜೆಯೆಲ್ಲ ಅದನ್ನೇ ಓದಿದೆ.

ಮೋಡದ ಚಿತ್ರ ಕಳಿಸುವ ಉಪಗ್ರಹಗಳಲ್ಲಿ ಎರಡು ಬಗೆ ಎಂದು ತಿಳಿಯಿತು. ಕೆಲವು ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜೊತೆಗೇ ತಿರುಗುತ್ತ, ನಮಗೆ ಒಂದೇ ಕಡೆ ನಿಂತಂತೆ ಕಾಣುತ್ತವೆ. ಫೋನಿನಲ್ಲಿ ಅರ್ಧ ಗಂಟೆಗೊಮ್ಮೆ ನಾವು ನೋಡುವ ಚಿತ್ರ ಅವುಗಳದ್ದು. ಇನ್ನು ಕೆಲವು ಎಂಟುನೂರು ಚಿಲ್ಲರೆ ಕಿಲೋಮೀಟರ್ ಎತ್ತರದಲ್ಲಷ್ಟೇ ಹಾರುತ್ತ ಒಂದು ಧ್ರುವದಿಂದ ಇನ್ನೊಂದಕ್ಕೆ ಸುತ್ತುತ್ತವೆ. ನನ್ನನ್ನು ಹಿಡಿದದ್ದು ಈ ಎರಡನೆಯವು. ಅವು ನಮ್ಮ ಹಾಗೆ ಒಮ್ಮೆಲೇ ಫೋಟೋ ಹೊಡೆಯುವುದಿಲ್ಲ. ಅವುಗಳೊಳಗೆ ಒಂದು ಕನ್ನಡಿ ಬಿಡದೆ ತಿರುಗುತ್ತಿರುತ್ತದೆ. ಒಂದು ಸುತ್ತಿಗೆ ಕೆಳಗಿನ ನೆಲದ ಒಂದು ತೆಳು ಪಟ್ಟಿ, ಪಡುವಣ ಅಂಚಿನಿಂದ ಮೂಡಣ ಅಂಚಿನವರೆಗೆ, ಆ ಕನ್ನಡಿಯಲ್ಲಿ ಹಾಯ್ದು ಹೋಗುತ್ತದೆ. ಕನ್ನಡಿಯ ಹಿಂದೆ ಸಂವೇದಕಗಳಿವೆ. ನೆಲದಿಂದ, ಮೋಡದಿಂದ ತಿರುಗಿ ಬಂದ ಬಿಸಿಲನ್ನು ಒಂದು ಅಳೆಯುತ್ತದೆ. ಅವುಗಳಿಂದ ಹೊಮ್ಮುವ ಶಾಖವನ್ನು ಇನ್ನೊಂದು. ಎತ್ತರದ ಮೋಡದ ತುದಿ ತಣ್ಣಗಿರುತ್ತದೆ, ಅದು ಚಿತ್ರದಲ್ಲಿ ಬೆಳ್ಳಗೆ. ಕಾದ ನೆಲ ಕಪ್ಪಗೆ. ಉಪಗ್ರಹ ಮುಂದೆ ಸರಿದಂತೆ ಮುಂದಿನ ಪಟ್ಟಿ, ಅದರ ಮುಂದಿನ ಪಟ್ಟಿ. ರಾಮದುರ್ಗದ ಮಗ್ಗದಲ್ಲಿ ಸೀರೆ ಎಳೆ ಎಳೆಯಾಗಿ ಬೆಳೆಯುವಂತೆ ಚಿತ್ರ ಬೆಳೆಯುತ್ತದೆ.

ಇದಕ್ಕಿಂತ ಹೆಚ್ಚಿನ ಸೋಜಿಗ ಇನ್ನೊಂದಿತ್ತು. ಆ ಹಳೆಯ ಉಪಗ್ರಹಗಳು ತಾವು ಕಂಡದ್ದನ್ನು ಕಂಡ ಕ್ಷಣವೇ ರೇಡಿಯೋ ಅಲೆಯಲ್ಲಿ ಕೆಳಗೆ ಬಿಡುತ್ತಿದ್ದವು, ಸೆಕೆಂಡಿಗೆ ಎರಡು ಗೆರೆಯಂತೆ. ಬೀಗವಿಲ್ಲ, ಯಾರ ಅಪ್ಪಣೆಯೂ ಬೇಡ. ಕೆಳಗೆ ಒಂದು ಆಂಟೆನಾ ಹಿಡಿದು ನಿಂತವರಿಗೆಲ್ಲ ಅದು ಸಿಗುತ್ತಿತ್ತು. ಹಾಯ್ದು ಹೋಗುವ ಹನ್ನೆರಡೋ ಹದಿಮೂರೋ ನಿಮಿಷದಲ್ಲಿ ಹಿಡಿದುಕೊಂಡರೆ ಉಂಟು, ಇಲ್ಲವಾದರೆ ಇಲ್ಲ.

ಆಂಟೆನಾ ನಾನೇ ಮಾಡಿದೆ. ಅರ್ಧ ಮೀಟರಿನಷ್ಟು ಉದ್ದದ ಎರಡು ಅಲ್ಯೂಮಿನಿಯಂ ಕಡ್ಡಿ, ಅವನ್ನು ಕೋನದಲ್ಲಿ ಹಿಡಿದಿಡಲು ನೀರಿನ ಪೈಪಿನ ತುಂಡು, ಒಂದು ಕೇಬಲ್ಲು, ಪೆನ್‌ಡ್ರೈವಿನಷ್ಟು ದೊಡ್ಡ ರಿಸೀವರು, ನನ್ನ ಹಳೆಯ ಲ್ಯಾಪ್‌ಟಾಪು. ಮೊದಲ ಸಲ ಸಿಗ್ನಲ್ಲು ಬಂದ ಬೆಳಿಗ್ಗೆ ನಾನು ಮಾಳಿಗೆಯ ಮೇಲೆ ಒಬ್ಬಳೇ ಇದ್ದೆ. ಬರೀ ಸರಸರ ಎನ್ನುತ್ತಿದ್ದ ಸದ್ದಿನೊಳಗಿಂದ ಗಡಿಯಾರದಂತೆ ಟಿಕ್ ಟಾಕ್, ಟಿಕ್ ಟಾಕ್ ಎದ್ದು ಬಂತು. ಪರದೆಯ ಮೇಲೆ ಗೆರೆಗಳು ಇಳಿಯತೊಡಗಿದವು. ಕೊಂಕಣದ ದಂಡೆ ಕಂಡಾಗ ನನಗೆ ಅಳು ಬಂತು.

ನನ್ನ ತಂದೆ ನಮ್ಮ ಜೊತೆಯೇ ಇದ್ದಾರೆ. ಎಷ್ಟೋ ವರ್ಷ ನೇಸರಗಿಯಲ್ಲಿ ಯುಗಾದಿಯ ದಿನ ಗುಡಿಯ ಕಟ್ಟೆಯ ಮೇಲೆ ಕುಳಿತು ಪಂಚಾಂಗ ಓದಿದವರು ಅವರು. ಯಾವ ನಕ್ಷತ್ರದ ಮಳೆ ಹೇಗೆ ಎಂದು ಓದುವಾಗ ರೈತರು ಉಸಿರು ಬಿಗಿಹಿಡಿದು ಕೇಳುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ನಿಮ್ಮದು ಊಹೆ, ನನ್ನದು ಸಾಕ್ಷಿ ಎಂದು ನಾನು ಅವರನ್ನು ಚೇಷ್ಟೆ ಮಾಡುತ್ತಿದ್ದೆ. ಅವರು ನಕ್ಕುಬಿಡುತ್ತಿದ್ದರು. ಉಪಗ್ರಹ ಬರುವ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದು ಆಂಟೆನಾದ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿರುತ್ತಿದ್ದರು. ಒಂದು ದಿನ ಗಾಳಿಗೆ ವಾಲಿದ್ದ ಕಡ್ಡಿಯನ್ನು ನೆಟ್ಟಗೆ ಮಾಡಲು ಹೋಗಿ ಅದನ್ನು ಮುಟ್ಟಿಬಿಟ್ಟರು. ಚಿತ್ರದ ಅಡ್ಡಕ್ಕೆ ಎರಡು ಬಿಳಿ ಪಟ್ಟಿ ಬಿದ್ದವು, ಒಂದು ದಪ್ಪ, ಒಂದು ಸಣ್ಣ. ಅವರು ಬಹಳ ಪೇಚಾಡಿದರು. ಉಳಿದಂತೆ ಅದು ಅಲ್ಲಿಯವರೆಗೆ ಬಂದ ಚಿತ್ರಗಳಲ್ಲೆಲ್ಲ ಚೆಂದದ್ದು. ಆಕಾಶ ತೊಳೆದಿಟ್ಟಂತಿತ್ತು. ಅದರ ಸದ್ದಿನ ಧ್ವನಿಮುದ್ರಣವನ್ನೂ ಇಟ್ಟುಕೊಂಡೆ.

ಅದಾಗಿ ಎಂಟು ದಿನಕ್ಕೆ ಕಿತ್ತೂರಿನ ವಿಜ್ಞಾನ ಪ್ರದರ್ಶನ. ದಸರೆಯ ರಜೆ ಮುಗಿದು ಶಾಲೆಗಳು ಶುರುವಾಗಿದ್ದವು. ಸುತ್ತಲಿನ ತಾಲ್ಲೂಕುಗಳ ಮಕ್ಕಳೂ ಶಿಕ್ಷಕರೂ ಬಂದಿದ್ದರು. ಎಲ್ಲರೆದುರು ಉಪಗ್ರಹದಿಂದ ನೇರ ಚಿತ್ರ ಹಿಡಿದು ತೋರಿಸುವುದಾಗಿ ನಾನು ಮೊದಲೇ ಹೇಳಿಕೊಂಡಿದ್ದೆ. ಆಮಂತ್ರಣ ಪತ್ರಿಕೆಯಲ್ಲೂ ಅದು ಅಚ್ಚಾಗಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ವಿಪರೀತ ಗದ್ದಲ. ನನ್ನ ಚೀಲದ ಮೇಲೆ ಯಾರದೋ ಗೋದಿಯ ಚೀಲ ಬಿತ್ತು. ಆಂಟೆನಾದ ಕಡ್ಡಿ ಬಾಗಿಲ್ಲ ಎಂದು ಮುಟ್ಟಿ ನೋಡಿ ಸಮಾಧಾನ ಮಾಡಿಕೊಂಡೆ.

ಹತ್ತು ಗಂಟೆಯ ಮೇಲೆ ಉಪಗ್ರಹ ಬರುವುದಿತ್ತು. ಸಭಾಂಗಣದ ಹೊರಗೆ ಆಂಟೆನಾ ನಿಲ್ಲಿಸಿ, ಕಿಟಕಿಯಿಂದ ಕೇಬಲ್ಲು ಒಳಗೆಳೆದು, ಲ್ಯಾಪ್‌ಟಾಪನ್ನು ದೊಡ್ಡ ಪರದೆಗೆ ಜೋಡಿಸಿದೆ. ಕನ್ನಡಿ ತಿರುಗುವುದು, ಶಾಖ ಅಳೆಯುವುದು, ಗೆರೆ ಗೆರೆಯಾಗಿ ಇಳಿಯುವುದು ಎಲ್ಲ ವಿವರಿಸಿದೆ. ಈಗ ಅದು ಉತ್ತರದ ದಿಗಂತದಲ್ಲಿ ಎದ್ದಿದೆ, ಕಿವಿಗೊಟ್ಟು ಕೇಳಿ ಎಂದೆ. ಇಡೀ ಸಭಾಂಗಣ ಸ್ತಬ್ಧವಾಯಿತು. ಸ್ಪೀಕರಿನಿಂದ ಸರಸರ ಎಂಬ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಪರದೆಯ ಮೇಲೆ ರವೆ ಚೆಲ್ಲಿದಂತೆ ಚುಕ್ಕೆಗಳು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಹೊರಗೆ ಓಡಿಹೋಗಿ ಕಡ್ಡಿ ತಿರುಗಿಸಿ ಬಂದೆ. ಮುಂದಿನ ಸಾಲಿನಲ್ಲಿದ್ದ ಅತಿಥಿಯೊಬ್ಬರು ಕೈಗಡಿಯಾರ ನೋಡಿದರು. ಹಿಂದೆ ಎಲ್ಲೋ ಮಕ್ಕಳು ಕಿಸಕ್ಕೆಂದರು.

ಆಗ ನಾನು ಆ ಕೆಲಸ ಮಾಡಿದೆ. ಲ್ಯಾಪ್‌ಟಾಪಿನಲ್ಲಿದ್ದ ಎಂಟು ದಿನದ ಹಿಂದಿನ ಧ್ವನಿಮುದ್ರಣವನ್ನು ತೆರೆದು ಹಚ್ಚಿದೆ. ಸದ್ದನ್ನು ಚಿತ್ರವಾಗಿಸುವ ತಂತ್ರಾಂಶಕ್ಕೆ ಹೊಸ ಸದ್ದಾದರೇನು, ಹಳೆಯ ಸದ್ದಾದರೇನು, ಬಂದದ್ದನ್ನು ಗೆರೆಯಾಗಿ ಬರೆಯುತ್ತದೆ. ಟಿಕ್ ಟಾಕ್ ಎಂಬ ಸದ್ದು ಸಭಾಂಗಣ ತುಂಬಿತು. ಚಿತ್ರ ಇಳಿಯತೊಡಗಿತು. ಮೇಲ್ಗಡೆ ತಾರೀಖು, ವೇಳೆ ಬರುತ್ತಿತ್ತು. ಅದು ಪರದೆಯಿಂದ ಆಚೆ ಹೋಗುವಂತೆ ಚಿತ್ರವನ್ನು ಹಿಗ್ಗಿಸಿದೆ. ಒಂದು ಕ್ಷಣವೂ ಹಿಂಜರಿಯಲಿಲ್ಲ. ಅದೇ ನನಗೆ ಈಗಲೂ ಅರ್ಥವಾಗದ ಮಾತು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಸಲ್ಲಬೇಕಾದದ್ದೇ ಎಂದು ನನಗೆ ಅನಿಸಿತು. ಮೂರು ತಿಂಗಳು ಮಾಳಿಗೆಯ ಮೇಲೆ ಬಿಸಿಲಲ್ಲಿ ನಿಂತದ್ದು ಸುಳ್ಳಲ್ಲವಲ್ಲ ಎಂದುಕೊಂಡೆ.

ಕಾರ್ಯಕ್ರಮ ಮುಗಿದ ಮೇಲೆ ಸುತ್ತ ಜನ ನೆರೆದರು. ಅವರಲ್ಲಿ ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸಿದ್ದಳು. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯವಳು, ಒಕ್ಕಲುತನದ ಮನೆ. ಮಗಳು ಕಿತ್ತೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಪ್ರದರ್ಶನದಲ್ಲಿ ಮಗಳ ಮಾದರಿ ಇದೆಯೆಂದು ತಾಯಿ ನೋಡಲು ಬಂದಿದ್ದಳು. ಪರದೆಯ ಹತ್ತಿರ ಬಂದು, ಇದರಲ್ಲಿ ನಮ್ಮ ಊರು ಎಲ್ಲಿದೆ ಎಂದು ಕೇಳಿದಳು. ಸವದತ್ತಿಯ ಹಿನ್ನೀರು ಎರಡು ಮೂರು ಕಪ್ಪು ಚುಕ್ಕೆಯಾಗಿ ಕಾಣುತ್ತಿತ್ತು. ಅಲ್ಲಿಂದ ಬೆರಳು ಸರಿಸಿ, ಇಲ್ಲೇ ನಿಮ್ಮ ಊರು ಎಂದು ತೋರಿಸಿದೆ. ಆಕೆ ಆ ಜಾಗವನ್ನು ಮಗುವಿನ ಮುಖ ನೋಡುವಂತೆ ನೋಡಿದಳು.

“ಇದು ಈಗಿಂದ ಏನ್ರಿ ಮೇಡಮ್ಮಾರ? ಈಗ ನಮ್ಮ ಊರ ಮ್ಯಾಲ ಮೋಡ ಇಲ್ಲೇನು?”

“ಇಲ್ರಿ. ನೋಡ್ರಿ, ಬಿಜಾಪುರದ ತನಕಾ ಎಲ್ಲಾ ಬಯಲು ಐತಿ,” ಎಂದೆ.

ಆಕೆ ತನ್ನ ಕಥೆ ಹೇಳಿದಳು. ಈರುಳ್ಳಿ, ನಮ್ಮ ಕಡೆಯ ಉಳ್ಳಾಗಡ್ಡಿ, ಕಿತ್ತು ಹೊಲದಲ್ಲೇ ಒಣಗಲು ಬಿಟ್ಟಿದ್ದರು. ಮೂಡಣ ಗಾಳಿಗೆ ಥಂಡಿ ಹತ್ತಿದೆ, ಮಳೆ ಬಂದೀತು, ಹನ್ನೆರಡರ ಬಸ್ಸಿಗೆ ಬಂದುಬಿಡು, ಎಲ್ಲರೂ ಸೇರಿ ಮಧ್ಯಾಹ್ನವೇ ಗಡ್ಡೆಯನ್ನು ಚಪ್ಪರದೊಳಗೆ ಹಾಕೋಣ ಎಂದು ಗಂಡ ಬೆಳಿಗ್ಗೆ ಫೋನು ಮಾಡಿದ್ದನಂತೆ. ಈಗ ನಿಶ್ಚಿಂತೆಯಾಯಿತು, ಸಂಜೆಯವರೆಗೆ ಮಗಳ ಜೊತೆ ಇದ್ದು ಹೋಗುತ್ತೇನೆ ಎಂದಳು. ನನ್ನ ಎದುರಿಗೇ ಗಂಡನಿಗೆ ಫೋನು ಹಚ್ಚಿ, ಆಕಾಶ ಖುಲ್ಲಾ ಇದೆ, ತಾನು ಕಣ್ಣಾರೆ ನೋಡಿದ್ದೇನೆ, ಇನ್ನೊಂದು ದಿನ ಒಣಗಲಿ ಬಿಡಿ ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬೇಡ, ಹೋಗಿ, ಆ ಚಿತ್ರ ಇವತ್ತಿನದಲ್ಲ ಎಂದು ಹೇಳಲು ಬೇಕಾಗಿದ್ದದ್ದು ಒಂದು ಉಸಿರು. ಆದರೆ ಪಕ್ಕದಲ್ಲಿ ಅತಿಥಿಗಳು ನಿಂತಿದ್ದರು, ಪತ್ರಿಕೆಯವನೊಬ್ಬ ಫೋಟೋ ಹೊಡೆಯುತ್ತಿದ್ದ. ಕಿತ್ತೂರಿನ ಮೇಲೆ ಆಗ ಬಿಸಿಲು ಸುರಿಯುತ್ತಿತ್ತು. ಅಲ್ಲೂ ಹೀಗೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮಳೆಯ ಬಗ್ಗೆ ಏನಾದರೂ ಕೇಳುವುದಿದ್ದರೆ ಫೋನು ಮಾಡಿ ಎಂದು ನಂಬರು ಬೇರೆ ಕೊಟ್ಟೆ.

ಅವತ್ತು ನನಗೆ ಬಹುಮಾನವೂ ಬಂತು. ಹಿತ್ತಾಳೆಯ ಒಂದು ಫಲಕ.

ಬೈಲಹೊಂಗಲಕ್ಕೆ ಮರಳುವಾಗ ಸಂಜೆ ಐದರ ಸುಮಾರು. ಬಸ್ಸಿನ ಕಿಟಕಿಯಿಂದ ಮೂಡಣ ದಿಕ್ಕು ಇದ್ದಿಲಿನಂತೆ ಕಂಡಿತು. ನಡುನಡುವೆ ಮಿಂಚು. ಮನೆಗೆ ಬಂದು ಕೇಬಲ್ಲು ಬಿಚ್ಚಿ ನೋಡಿದೆ. ಅದರ ತುದಿಯ ಒಳಗಿನ ತಂತಿ ಮುರಿದಿತ್ತು. ಆಮೇಲೆ ಫೋನಿನಲ್ಲಿ, ಎತ್ತರದ ಉಪಗ್ರಹ ಬೆಳಗಿನ ಹತ್ತು ಗಂಟೆಗೆ ಕಳಿಸಿದ್ದ ಚಿತ್ರವನ್ನು ಹುಡುಕಿ ತೆಗೆದೆ. ಬಾಗಲಕೋಟೆಯ ಕಡೆಯಿಂದ ರಾಮದುರ್ಗದತ್ತ ಅಚ್ಚ ಬಿಳಿಯ ಮೋಡದ ರಾಶಿ ಚಾಚಿತ್ತು. ನನ್ನ ಕೇಬಲ್ಲು ನೆಟ್ಟಗಿದ್ದಿದ್ದರೆ ಸಭೆಯ ಎದುರು ಅದೇ ಕಾಣಬೇಕಿತ್ತು. ಕೇಬಲ್ಲು ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳಿದ್ದರೂ ಸಾಕಿತ್ತು. ಜೇಬಿನಲ್ಲೇ ಇದ್ದ ಫೋನನ್ನು ತೆಗೆದು ನೋಡುವ ಬುದ್ಧಿ ನನಗೆ ಆ ಹೊತ್ತಿನಲ್ಲಿ ಬರಲಿಲ್ಲ. ಬರದಂತೆ ನಾನೇ ನೋಡಿಕೊಂಡೆನೇನೋ.

ಎರಡನೆಯ ದಿನ ಆ ಹೆಂಗಸಿನ ಫೋನು ಬಂತು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಆಕೆ ಮೊದಲು ನನ್ನ ಆರೋಗ್ಯ ವಿಚಾರಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು:

“ಅವತ್ತ ಸಂಜಿ ಮುಂದ ನಮ್ಮ ಕಡೆ ಮಳಿ ಬಂತ್ರಿ, ಜೋರ ಬಂತು. ತಕರಾರ ಅಂತ ಹೇಳಾಕ ಹತ್ತಿಲ್ಲ ಮತ್ತ. ನಿಮ್ಮ ಯಂತ್ರದಾಗ ಏನಾರ ಫರಕ ಇದ್ರ ನಿಮಗ ಗೊತ್ತಾಗಲಿ ಅಂತ ಹೇಳಿದೆ. ಮುಂದ ಸುಧಾರ್ಸಾಕ ಬರತೈತಲ್ರಿ?”

ನಾನು ಹೇಳಿದ್ದು ಇಷ್ಟು: ಯಂತ್ರ ಸರಿಯಾಗಿಯೇ ಇತ್ತು, ಚಿತ್ರ ಬಂದ ಮೇಲೆ ಮಧ್ಯಾಹ್ನದ ಬಿಸಿಗೆ ಮೋಡ ಹುಟ್ಟಿರಬೇಕು, ಹಾಗೆ ಆಗುವುದುಂಟು. ಮೋಡಗಳ ವಿಷಯದಲ್ಲಿ ಇದು ಸುಳ್ಳಲ್ಲ, ಪಾಠ ಪುಸ್ತಕದಲ್ಲೇ ಇದೆ. ಆ ದಿನದ ವಿಷಯದಲ್ಲಿ ಅದು ಪೂರ್ತಿ ಸುಳ್ಳು. ಆಕೆ, ಹೌದೇನ್ರಿ, ಹಂಗಾದ್ರ ಯಾರದೂ ತಪ್ಪಿಲ್ಲ ಬಿಡ್ರಿ ಎಂದಳು. ಕಿತ್ತೂರಿನಲ್ಲಿ ಮಾಡಿದ್ದು ಗಾಬರಿಯಲ್ಲಿ ಆದದ್ದು ಎಂದು ಹೇಳಿಕೊಳ್ಳಬಹುದಿತ್ತು. ಇದಕ್ಕೆ ಅಂಥ ನೆವ ಯಾವುದೂ ಇರಲಿಲ್ಲ. ಕುರ್ಚಿಯ ಮೇಲೆ ಕುಳಿತು, ಯೋಚಿಸಿ, ವಿಜ್ಞಾನ ಶಿಕ್ಷಕಿಯ ದನಿಯಲ್ಲಿ ಹೇಳಿದ ಸುಳ್ಳು ಇದು.

ಇನ್ನೆರಡು ದಿನಕ್ಕೆ ಪತ್ರಿಕೆಯಲ್ಲಿ ಸುದ್ದಿ ಬಂತು. ಪರದೆಯ ಪಕ್ಕ ಕೈ ತೋರಿಸುತ್ತ ನಿಂತ ನನ್ನ ಫೋಟೋ. ತಂದೆ ಪಡಸಾಲೆಯಲ್ಲಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮಗಳ ಫೋಟೋ ಎಂದು ಹೆಮ್ಮೆಯಿಂದ ನೋಡುತ್ತಿದ್ದಾರೆ ಎಂದುಕೊಂಡು ನಾನು ಚಹಾ ತಂದಿಟ್ಟೆ. ಅವರು ಬೆರಳಿಟ್ಟು ಕೇಳಿದರು.

“ಈ ಎರಡು ಬಿಳಿ ಪಟ್ಟಿ, ನಾ ಕಡ್ಡಿ ಮುಟ್ಟಿದಾಗ ಬಿದ್ದದ್ದು ಅಲ್ಲ?”

ಅವರು ಇನ್ನೊಮ್ಮೆ ಕೇಳಲಿಲ್ಲ. ಪತ್ರಿಕೆಯನ್ನು ಮಡಚಿ, ಫೋಟೋ ಒಳಗೆ ಬರುವಂತೆ ಮಡಚಿ, ಪಕ್ಕಕ್ಕಿಟ್ಟರು. ಚಹಾ ಕುಡಿದ ಮೇಲೆ, ನನ್ನ ಕಡೆ ನೋಡದೆ ಹೇಳಿದರು.

“ಯುಗಾದಿಗೆ ಓದಲಿಕ್ಕೆ ಕೂತಾಗ, ಇದರಾಗ ಹಿಂಗ ಬರದದ ಅಂತ ಹೇಳೇ ನಾ ಓದ್ತಿದ್ದೆ. ಹಿಂಗ ಆಗ್ತದ ಅಂತ ಒಂದು ಸಲಾನೂ ಹೇಳಿಲ್ಲವ್ವಾ. ಮಂದಿ ನಂಬಿ ಬಿತ್ತತಾರ ಅಂತ ಅಂಜಿಕಿ ಇತ್ತು ನನಗ.”

ಅವರ ಪಂಚಾಂಗಕ್ಕೆ ಎಷ್ಟು ಸಲ ನಕ್ಕಿದ್ದೆ ನಾನು.

ಮೂರು ವಾರ ಏನೂ ಮಾಡಲಿಲ್ಲ. ಕೇಬಲ್ಲು ಸರಿಪಡಿಸಿದೆ, ಆದರೆ ಮಾಳಿಗೆ ಹತ್ತಲಿಲ್ಲ. ಫಲಕವನ್ನು ಕಪಾಟಿನೊಳಗೆ ಪುಸ್ತಕಗಳ ಹಿಂದೆ ಇಟ್ಟೆ. ಆಗ ಸಾಲಹಳ್ಳಿಯ ಶಾಲೆಯ ಮುಖ್ಯ ಶಿಕ್ಷಕರ ಫೋನು ಬಂತು. ಊರಿನ ಹೆಣ್ಣುಮಗಳೊಬ್ಬಳು ಕಿತ್ತೂರಿನಲ್ಲಿ ನೋಡಿ ಬಂದು ಬಹಳ ಹೇಳಿದ್ದಾಳೆ, ನಮ್ಮ ಮಕ್ಕಳಿಗೂ ಒಮ್ಮೆ ತೋರಿಸಿ ಎಂದರು. ಯಾವ ಹೆಣ್ಣುಮಗಳು ಎಂದು ನಾನು ಕೇಳಬೇಕಾಗಿರಲಿಲ್ಲ. ಬರುತ್ತೇನೆ ಎಂದೆ.

ಬೆಳಗಿನ ಬಸ್ಸಿಗೆ ಸವದತ್ತಿಗೆ ಹೋಗಿ, ಅಲ್ಲಿಂದ ರಾಮದುರ್ಗ, ರಾಮದುರ್ಗದಿಂದ ಟಂಟಂ ರಿಕ್ಷಾ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಜೋಡಿಸಿದ ಪ್ರತಿ ಮಾತಿನಲ್ಲೂ ಮುರಿದ ಕೇಬಲ್ಲು ಮೊದಲು ಬರುತ್ತಿತ್ತು, ನಾನು ಆಮೇಲೆ. ಅದನ್ನು ಅಳಿಸಿ ಮತ್ತೆ ಜೋಡಿಸುತ್ತಿದ್ದೆ.

ಶಾಲೆಗೆ ಹೋಗುವ ಮೊದಲು ಆಕೆಯ ಮನೆ ಕೇಳಿಕೊಂಡು ಹೋದೆ. ಮನೆಯ ಪಕ್ಕದ ಚಪ್ಪರದಲ್ಲಿ ಗಂಡ ಹೆಂಡತಿ ಇಬ್ಬರೂ ಉಳ್ಳಾಗಡ್ಡಿ ಆರಿಸುತ್ತ ಕುಳಿತಿದ್ದರು. ಕೊಳೆತ ವಾಸನೆ ಓಣಿಯ ತಿರುವಿಗೇ ಬಡಿದಿತ್ತು. ಒಂದು ಕಡೆ ಗಟ್ಟಿ ಗಡ್ಡೆಗಳ ಗುಂಪು. ಅದಕ್ಕಿಂತ ದೊಡ್ಡದು ಇನ್ನೊಂದು ಗುಂಪು, ಹಿಡಿದರೆ ಬೆರಳು ಒಳಗೆ ಹೋಗುವಂಥವು. ಮಳೆಯಲ್ಲಿ ನೆನೆದದ್ದು ಅವತ್ತಿಗೇ ಪೂರ್ತಿ ಕೆಟ್ಟಿರಲಿಲ್ಲ. ದಿನಕ್ಕೊಂದಿಷ್ಟು ಕೊಳೆಯುತ್ತ, ದಿನವೂ ಕುಳಿತು ಆರಿಸಬೇಕಾಗಿತ್ತು. ಮೂರು ವಾರದಿಂದ ಅದೇ ಕೆಲಸ ನಡೆದಿತ್ತು.

ಆಕೆ ನನ್ನನ್ನು ಕಂಡು ಸಂತೋಷದಿಂದ ಎದ್ದಳು. ಸೆರಗಿನಿಂದ ಕೈ ಒರೆಸಿಕೊಂಡು ನೀರು ತಂದಳು. ಗಂಡ ಬರ್ರಿ, ಕೂಡ್ರಿ ಎಂದ. ಆಕಾಶದ ಚಿತ್ರ ತೆಗೆಯುವ ಮೇಡಮ್ಮಾರು ಇವರೇ ಎಂದು ಆಕೆ ಪರಿಚಯ ಹೇಳಿದಳು. ಅವನು ಗಡ್ಡೆಯನ್ನು ಕೈಯಲ್ಲಿ ತಿರುಗಿಸುತ್ತ, ಮೋಡ ಆಮೇಲೆ ಹುಟ್ಟಿತಂತೆ, ಯಂತ್ರ ಪಾಪ ಏನು ಮಾಡೀತು, ಆಕಾಶ ಖುಲ್ಲಾ ಇದೆ ಎಂದದ್ದು ಮಗಳ ಜೊತೆ ಇರಬೇಕೆಂಬ ಆಸೆಗೆ ಈಕೆ ಹೇಳಿದ ಕಥೆ ಎಂದು ತಾನು ಮೊದಲು ತಿಳಿದಿದ್ದೆ ಎಂದ. ನಗುತ್ತಲೇ ಅಂದ. ಆಕೆ ತಲೆ ತಗ್ಗಿಸಿ ಮತ್ತೆ ಗಡ್ಡೆ ಆರಿಸಲು ಕುಳಿತಳು. ನನ್ನ ಸುಳ್ಳನ್ನು ಮೂರು ವಾರದಿಂದ ಈ ಮನೆಯಲ್ಲಿ ಆಕೆ ಹೊತ್ತು ತಿರುಗುತ್ತಿದ್ದಾಳೆ, ಅದನ್ನು ಯಾರೂ ಪೂರ್ತಿ ನಂಬಿಲ್ಲ ಎಂಬುದು ಆಗ ನನಗೆ ತಿಳಿಯಿತು.

ಕುಳಿತುಕೊಳ್ಳದೆ, ನಿಂತೇ ಹೇಳಿದೆ.

“ಆ ಚಿತ್ರ ಅವತ್ತಿಂದಲ್ರಿ. ಎಂಟ ದಿನ ಹಳೇದು. ಅವತ್ತ ನನಗ ಚಿತ್ರ ಬರಲೇ ಇಲ್ಲ. ಮಂದಿ ಮುಂದ ನಾಚಿಕಿ ಆಗತೈತಿ ಅಂತ ಹಳೇದನ್ನ ಈಗಿಂದು ಅಂತ ತೋರಿಸಿದೆ. ಫೋನಿನ್ಯಾಗ ಹೇಳಿದ್ದೂ ಸುಳ್ಳು. ಮೋಡ ಮುಂಜಾನೇನ ಇತ್ತು.”

ಇಬ್ಬರ ಕೈಯೂ ನಿಂತಿತು. ಗಂಡ ನನ್ನ ಮುಖ ನೋಡಿದ, ಆಮೇಲೆ ಹೆಂಡತಿಯ ಮುಖ. ನೀನು ಸುಳ್ಳು ಹೇಳಿರಲಿಲ್ಲ ಅಂದಂಗಾತು ಎಂದು ಆಕೆಗಷ್ಟೇ ಹೇಳಿ, ಕೊಳೆತ ಗಡ್ಡೆಗಳ ಬುಟ್ಟಿಯನ್ನು ಎತ್ತಿಕೊಂಡು ತಿಪ್ಪೆಯ ಕಡೆ ಹೊರಟುಹೋದ.

ಆಕೆ ಗಂಡ ಹೋದ ದಾರಿಯ ಕಡೆ ನೋಡಿದಳು. ಆಮೇಲೆ ಕೇಳಿದಳು.

“ಆ ಟಿಕ್ ಟಿಕ್ ಸಪ್ಪಳಾನೂ ಹಳೇದ ಏನ್ರಿ?”

“ಹೌದ್ರಿ.”

“ಅದನ್ನ ಕೇಳಿ ನನಗ ಮೈ ಝುಂ ಅಂದಿತ್ತು. ಅಷ್ಟ ಮ್ಯಾಲಿಂದ ನಮ್ಮ ಊರ ನೋಡಕೋತ ಹೊಂಟೈತಿ, ಈಗ ನೋಡಾಕ ಹತ್ತೈತಿ ಅಂತ.” ಮತ್ತೆ ಹೇಳಿದಳು, “ಬರಲಿಲ್ಲ ಅಂತ ಅಂದಿದ್ರ ನಾ ಹನ್ನೆರಡರ ಬಸ್ ಹತ್ತತಿದ್ದೆ.”

ಸಿಟ್ಟಿನಿಂದ ಹೇಳಿದ್ದಲ್ಲ. ಲೆಕ್ಕ ಬಿಡಿಸಿದ ಮಗು ಉತ್ತರ ಹೇಳಿದಂತೆ ಹೇಳಿದಳು. ನಾನು ಕೆಳಗೆ ಕುಳಿತು, ಒಂದು ಬುಟ್ಟಿ ಎಳೆದುಕೊಂಡು ಗಡ್ಡೆ ಆರಿಸಲು ಕೈ ಹಾಕಿದೆ. ಆಕೆ ನನ್ನ ಕೈಯಿಂದ ಬುಟ್ಟಿಯನ್ನು ತೆಗೆದುಕೊಂಡಳು. ಬ್ಯಾಡ್ರಿ, ಸೀರಿ ನಾರತೈತಿ, ಸಾಲ್ಯಾಗ ಹುಡುಗರು ಕುಂತಾವ, ಹೋಗ್ರಿ ಎಂದಳು. ಅಷ್ಟು ಮಾಡಲು ಬಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅದು ಆಕೆಗೆ ತಿಳಿದಿತ್ತೋ ಇಲ್ಲವೋ ಗೊತ್ತಿಲ್ಲ. ಶಾಲೆಗೆ ಆಕೆ ಬರಲಿಲ್ಲ.

ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ಕುಳಿತಿದ್ದರು. ಆಂಟೆನಾ ನಿಲ್ಲಿಸುವ ಮೊದಲು ಅವರಿಗೂ ಹೇಳಿದೆ, ಕಿತ್ತೂರಿನಲ್ಲಿ ನಾನು ಏನು ಮಾಡಿದೆ, ಅದರಿಂದ ನಿಮ್ಮ ಊರಿನ ಒಂದು ಮನೆಯಲ್ಲಿ ಏನಾಯಿತು ಎಂದು. ಮುಖ್ಯ ಶಿಕ್ಷಕರು ನಡುವೆ ಕೆಮ್ಮಿ, ಇರಲಿ ಬಿಡಿ ಮೇಡಮ್, ಮಕ್ಕಳಿಗೆ ಅದೆಲ್ಲ ಯಾಕೆ ಎಂದರು. ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, ಹಾಗಾದರೆ ಇವತ್ತು ತೋರಿಸುವುದೂ ಹಳೆಯದೋ ಎಂದು ಕೇಳಿದಳು. ಯಾರೂ ನಗಲಿಲ್ಲ. ನ್ಯಾಯವಾದ ಪ್ರಶ್ನೆ ಅದು. ಲ್ಯಾಪ್‌ಟಾಪನ್ನು ಆಕೆಯ ಮುಂದೆ ಇಟ್ಟು, ಮೂಲೆಯಲ್ಲಿ ತಾರೀಖು, ವೇಳೆ ಎಲ್ಲಿ ಬರುತ್ತದೆ ಎಂದು ತೋರಿಸಿ, ನೀನೇ ಓದಿ ಹೇಳು ಎಂದೆ. ಅವತ್ತು ಉಪಗ್ರಹ ಬಹಳ ವಾರೆಯಾಗಿ, ದಿಗಂತದ ಅಂಚಿನಲ್ಲಿ ಹಾಯ್ದುಹೋಯಿತು. ಹನ್ನೆರಡು ನಿಮಿಷದಲ್ಲಿ ನಾಲ್ಕು ನಿಮಿಷದ ಚಿತ್ರ ಬಂತು, ಅದರಲ್ಲಿ ಅರ್ಧ ಬರೀ ರವೆ. ಉಳಿದ ಅರ್ಧದಲ್ಲಿ ಅರಬ್ಬಿ ಸಮುದ್ರದ ಒಂದು ತುಂಡು, ಸ್ವಲ್ಪ ಮೋಡ. ಸಾಲಹಳ್ಳಿ ಅದರಲ್ಲಿ ಇರಲೇ ಇಲ್ಲ. ಇಷ್ಟೇ ಬಂದಿದೆ ಎಂದೆ. ಮಕ್ಕಳು ಚಪ್ಪಾಳೆ ತಟ್ಟಲಿಲ್ಲ. ನಿರಾಸೆಯಿಂದ ಎದ್ದು ಊಟದ ಗಂಟೆಗೆ ಓಡಿದರು.

ಊರಿಗೆ ಬಂದು ಪ್ರದರ್ಶನ ನಡೆಸಿದವರಿಗೆ ಪತ್ರ ಬರೆದು ಫಲಕವನ್ನು ವಾಪಸು ಕಳಿಸಿದೆ. ಅವರಿಂದ ಉತ್ತರ ಬರಲಿಲ್ಲ. ನಮ್ಮ ಶಾಲೆಯ ಹಿರಿಯರೊಬ್ಬರು, ಇಷ್ಟಕ್ಕೆಲ್ಲ ಯಾರಾದರೂ ಡಂಗುರ ಹೊಡೆದುಕೊಳ್ಳುತ್ತಾರೇನು, ಶಾಲೆಯ ಹೆಸರೂ ಕೆಟ್ಟಿತು ಎಂದರು. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಮುಂದಿನ ವರ್ಷದ ಪ್ರದರ್ಶನದಲ್ಲಿ ಆ ಹೆಂಗಸಿನ ಮಗಳು ನನ್ನನ್ನು ದೂರದಿಂದ ಕಂಡಳು. ಜೊತೆಗಿದ್ದ ಗೆಳತಿಯ ಕೈ ಹಿಡಿದು ಇನ್ನೊಂದು ಬಾಗಿಲಿನಿಂದ ಹೊರಗೆ ಹೋದಳು. ತಾಯಿಯ ನಂಬರು ನನ್ನ ಫೋನಿನಲ್ಲಿ ಇದೆ. ಆಕೆ ಮತ್ತೆ ಕರೆ ಮಾಡಿಲ್ಲ. ಆ ಹಳೆಯ ಉಪಗ್ರಹಗಳು ಈಗ ಕೆಲಸ ನಿಲ್ಲಿಸಿವೆ. ಬೇರೆ ಉಪಗ್ರಹಗಳ ಚಿತ್ರ ಹಿಡಿಯುವುದನ್ನು ಮಕ್ಕಳಿಗೆ ಕಲಿಸುತ್ತೇನೆ, ಬಾರದ ದಿನ ಬರಲಿಲ್ಲ ಎಂದು ಹೇಳುತ್ತೇನೆ. ಇಷ್ಟು ಸಣ್ಣ ಮಾತನ್ನು ಹೇಳುವಾಗ ಪ್ರತಿ ಸಲವೂ ಕಿವಿ ಬಿಸಿಯಾಗುತ್ತದೆ.

ಹೋದ ವರ್ಷ ಒಂದು ತರಬೇತಿಗೆಂದು ರಾಮದುರ್ಗಕ್ಕೆ ಹೋಗಿದ್ದೆ. ಮರಳುವಾಗ ಬಸ್ಸು ತುಂಬಿತ್ತು, ಬಾಗಿಲಿನಿಂದ ಒಳಗೆ ಸರಿಯಲು ಜಾಗವಿರಲಿಲ್ಲ. ಹೇಗೋ ನುಸುಳಿ ಕಂಬ ಹಿಡಿದು ನಿಂತಾಗ, ಕಿಟಕಿಯ ಪಕ್ಕದ ಸೀಟಿನಲ್ಲಿ ಆಕೆಯ ಗಂಡ ಕುಳಿತಿರುವುದು ಕಂಡಿತು. ಅವನೂ ನನ್ನನ್ನು ನೋಡಿದ, ಗುರುತು ಹಿಡಿದ. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಎದ್ದ. ಸಾಲಿಯ ಮೇಡಮ್ಮಾರು ನಿಂತಿದ್ದಾರೆ, ಜಾಗ ಬಿಡಿ ಎಂದು ಪಕ್ಕದವರಿಗೆ ಹೇಳಿ ನನಗೆ ತನ್ನ ಸೀಟು ಬಿಟ್ಟುಕೊಟ್ಟ. ಬೇಡ ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಆಗಲೇ ಮುಖ ತಿರುಗಿಸಿ ಮುಂದೆ ಸರಿದಿದ್ದ. ಹಿಂದಿನವರು ನೂಕಿದ್ದರಿಂದ ನಾನು ಕುಳಿತೆ. ಸವದತ್ತಿಯವರೆಗೆ ಅವನು ನನಗೆ ಬೆನ್ನು ಮಾಡಿ, ಮೇಲಿನ ಸರಳು ಹಿಡಿದು ನಿಂತೇ ಬಂದ. ನಾನು ಅವನ ಸೀಟಿನಲ್ಲಿ ಕುಳಿತು ಬಂದೆ.